ಮೂರು ದಿನದ ಸುಲ್ತಾನರು

ನಮ್ಮ ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಅವತ್ತು ಗುರುವಾರ. ನಮ್ಮ ಹಿರಿಯರು ಎಷ್ಟೇ ದೊಡ್ಡವರಿರಲಿ, ಈ ಒಂದು ವಿಷಯದಲ್ಲಿ ಮುಂದಾಲೋಚನೆ ಸಾಲದಾಯಿತು. ಇನ್ನೊಂದು ದಿನ ತಡೆದಿದ್ದರೆ ಶುಕ್ರವಾರ ಬರುತ್ತಿತ್ತು, ಗಣರಾಜ್ಯವೂ ಲಾಂಗ್ ವೀಕೆಂಡೂ ಅವಳಿ ಮಕ್ಕಳಾಗಿ ಹುಟ್ಟುತ್ತಿದ್ದವು.

ಹಿರಿಯರ ತಪ್ಪನ್ನು ಕ್ಯಾಲೆಂಡರ್ ಆಗೀಗ ತಿದ್ದುತ್ತದೆ. 2026ರಲ್ಲಿ ಜನವರಿ 26 ಸೋಮವಾರ ಬಂತು. ಹಿಂದಿನ ಶನಿವಾರ ತಿಂಗಳ ನಾಲ್ಕನೆಯದು, ನಾನು ಕ್ಯಾಷಿಯರ್ ಆಗಿರುವ ಬ್ಯಾಂಕಿಗೂ ರಜೆ. ಶನಿವಾರ, ಭಾನುವಾರ, ಸೋಮವಾರ ಮೂರೂ ದಿನ ಲುಂಗಿಯಲ್ಲೇ ಕಳೆಯಬೇಕೆಂದು ಹೊಸ ವರ್ಷದ ದಿನವೇ ಸಂಕಲ್ಪ ಮಾಡಿದ್ದೆ. ಆದರೆ ಅದೇ ಕ್ಯಾಲೆಂಡರನ್ನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಕೂತು ನನ್ನ ತಂಗಿಯ ಮಗನೂ ನೋಡುತ್ತಿದ್ದ.

ಜನವರಿ ಮೂರನೇ ವಾರ ಸಂದೇಶ ಬಂತು: ‘ಮಾಮ, ನಾವು ಐದು ಜನ ಬಿಜಾಪುರ ಎಕ್ಸ್‌ಪ್ಲೋರ್ ಮಾಡೋಕೆ ಬರ್ತಿದ್ದೀವಿ. ನಿಮಗೇನೂ ತೊಂದ್ರೆ ಕೊಡಲ್ಲ. ಬ್ಯಾಗ್ ಇಡೋಕೆ ಸ್ವಲ್ಪ ಜಾಗ ಸಾಕು.’

ಸಂಸಾರಸ್ಥರಿಗೆ ಗೊತ್ತು, ಬ್ಯಾಗುಗಳು ಒಂಟಿಯಾಗಿ ಇರುವುದಿಲ್ಲ. ರಾತ್ರಿಯಾದರೆ ತಮ್ಮ ಮಾಲೀಕರನ್ನು ಕರೆಸಿಕೊಳ್ಳುತ್ತವೆ.

ಊರಿಗೆ ವಿಜಯಪುರವೆಂದು ಹೆಸರಾಗಿ 2014ರ ನವೆಂಬರ್ 1ಕ್ಕೇ ಮುಗಿಯಿತು ಎಂದು ಉತ್ತರ ಬರೆಯಬೇಕೆಂದಿದ್ದೆ. ಅದಕ್ಕಿಂತ ಹೆಚ್ಚು ಕಾಡಿದ್ದು ‘ಎಕ್ಸ್‌ಪ್ಲೋರ್’ ಎಂಬ ಮಾತು. ಹಿಂದೆ ವಾಸ್ಕೋ ಡ ಗಾಮ ಇದೇ ಕೆಲಸಕ್ಕೆ ಹೊರಟಿದ್ದ. ಮೂರು ಲಕ್ಷಕ್ಕೂ ಮಿಕ್ಕಿ ಜನ ಈಗಾಗಲೇ ಮನೆ ಕಟ್ಟಿಕೊಂಡು ನೀರಿನ ಬಿಲ್ಲು ಕಟ್ಟುತ್ತಿರುವ ಊರನ್ನು ಯಾರಾದರೂ ಕಂಡುಹಿಡಿಯಲು ಹೊರಟರೆ, ಇಷ್ಟು ದಿನ ನಾವು ಎಲ್ಲಿದ್ದೆವು ಎಂಬ ಅನುಮಾನ ಬಂದೇ ಬರುತ್ತದೆ.

ಅಳಿಯ ಈ ಊರಿಗೆ ಹಿಂದೆ ಎರಡು ಸಲ ಬಂದಿದ್ದ. ಎರಡೂ ಸಲ ಮದುವೆಗೆ. ಮದುವೆಗೆ ಬಂದವರು ಊರು ನೋಡುವುದಿಲ್ಲ, ಊಟದ ಪಂಕ್ತಿ ಖಾಲಿಯಾಯಿತೇ ಎಂದು ನೋಡುತ್ತಾರೆ. ಹಾಗಾಗಿ ಅವನಿಗೂ ಇದು ಹೊಸ ಊರೇ.

ಆದರೂ ವಿಜಯಪುರವೇ ಯಾಕೆ? ಆಮೇಲೆ ತಿಳಿಯಿತು. ಅವರು ಹೊರಟದ್ದು ಗೋವಾಕ್ಕೆ. ಇಂದಿನ ವಿದ್ಯಾರ್ಥಿಗಳಿಗೆ ಗೋವಾ ಒಂದು ರಾಜ್ಯವಲ್ಲ, ವಾಟ್ಸಾಪ್ ಗುಂಪಿನ ಹೆಸರು. ಮೊದಲ ಸೆಮಿಸ್ಟರಿನಲ್ಲಿ ಹುಟ್ಟಿದ ಆ ಗುಂಪು ಆರನೇ ಸೆಮಿಸ್ಟರಿನವರೆಗೂ ಹಾಸ್ಟೆಲ್ ಗೇಟು ದಾಟಿರಲಿಲ್ಲ. ಈ ಸಲವೂ ಗೋವಾದ ರೂಮು ಬಾಡಿಗೆ ನೋಡಿ ಗೋಕರ್ಣಕ್ಕೆ ಇಳಿದರು, ಗೋಕರ್ಣದ್ದನ್ನು ನೋಡಿ ಹಂಪಿಗೆ ಸರಿದರು, ಹಂಪಿಯದ್ದನ್ನು ನೋಡಿ ಮೌನವಾದರು. ಆ ಮೌನದಲ್ಲಿ ಒಬ್ಬ ಕೇಳಿದನಂತೆ: ‘ಮಗಾ, ಬಿಜಾಪುರದಲ್ಲಿ ನಿಮ್ಮ ಮಾಮ ಇದ್ದಾರಲ್ವಾ?’ ಪುಕ್ಕಟೆ ಮನೆ ಸಿಕ್ಕ ಆ ಕ್ಷಣದಿಂದ ಐವರಿಗೂ ಆದಿಲ್‌ಶಾಹಿ ವಾಸ್ತುಶಿಲ್ಪದ ಮೇಲೆ ತೀವ್ರ ಆಸಕ್ತಿ ಹುಟ್ಟಿತು.

ಔರಂಗಜೇಬನಂಥ ಔರಂಗಜೇಬ ಈ ಕೋಟೆಯೊಳಗೆ ಕಾಲಿಡಲು 1685ರಿಂದ 1686ರವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆ ಹಾಕಿ ಕೂರಬೇಕಾಯಿತು. ನಮ್ಮ ಹುಡುಗರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಯಲ್ಲಿ ಗೊರಕೆ ಹೊಡೆಯುತ್ತ ಶನಿವಾರ ಬೆಳಿಗ್ಗೆ ಒಳಗೆ ಬಂದೇಬಿಟ್ಟರು.

ಗಣರಾಜ್ಯೋತ್ಸವದ ಹೊತ್ತಲ್ಲವೇ, ಬರುವಾಗಲೇ ಸಂಪುಟ ರಚನೆಯಾಗಿತ್ತು. ಮನೆ ಒದಗಿಸಿದ ಅರ್ಹತೆಯ ಮೇಲೆ ಅಳಿಯ ಮುಖ್ಯಮಂತ್ರಿ. ಎಕ್ಸೆಲ್‌ನಲ್ಲಿ ವೇಳಾಪಟ್ಟಿ ತಂದವನು ಯೋಜನಾ ಮಂತ್ರಿ. ಖರ್ಚು ಹಂಚುವ ಆ್ಯಪ್ ಇಟ್ಟುಕೊಂಡವನು ಹಣಕಾಸು ಮಂತ್ರಿ. ಮೂರು ಕಾಲಿನ ಕೋಲು ಹೊತ್ತವನು ವಾರ್ತಾ ಮತ್ತು ಪ್ರಚಾರ. ಐದನೆಯವನಿಗೆ ಖಾತೆಯೇ ಇಲ್ಲ. ರೈಲಿಳಿದವನೇ ನಮ್ಮ ದಿವಾನದ ಮೇಲೆ ಮಲಗಿದ. ಖಾತೆರಹಿತ ಮಂತ್ರಿಗಳು ಎಲ್ಲ ಸರ್ಕಾರಗಳಲ್ಲೂ ಇರುತ್ತಾರೆ, ಅವರಿಂದ ರಾಜ್ಯಕ್ಕೆ ಹಾನಿ ಕಡಿಮೆ.

ಯೋಜನಾ ಮಂತ್ರಿಯ ಪಟ್ಟಿ ನೋಡಿ ನನಗೆ ತಲೆಸುತ್ತು ಬಂತು. ಎರಡು ದಿನದಲ್ಲಿ ಹದಿನಾಲ್ಕು ಜಾಗ, ಜಾಗಕ್ಕೆ ಇಪ್ಪತ್ತು ನಿಮಿಷ. ಆದಿಲ್‌ಶಾಹಿಗಳು 1490ರಿಂದ 1686ರವರೆಗೆ ಸುಮಾರು ಇನ್ನೂರು ವರ್ಷ ಆಳಿ ಕಟ್ಟಿದ್ದನ್ನು ಇವರು ನಾಲ್ಕೂ ಮುಕ್ಕಾಲು ಗಂಟೆಯೊಳಗೆ ಮುಗಿಸುವವರಿದ್ದರು. ಪಟ್ಟಿಯಲ್ಲಿ ಅತಿ ಹೆಚ್ಚು ಸಮಯ, ಒಂದೂವರೆ ಗಂಟೆ, ಸಿಕ್ಕಿದ್ದು ‘ಚಿಲ್’ ಎಂಬ ಸ್ಥಳಕ್ಕೆ. ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ, ಅದು ಯಾವ ಓಣಿಯಲ್ಲಿದೆ ಎಂದು ನನಗೆ ಗೊತ್ತಾಗಲಿಲ್ಲ.

ನನ್ನ ಹೆಂಡತಿ ಬೆಳಗಿನ ಐದಕ್ಕೇ ಎದ್ದು ಬಿಳಿಜೋಳದ ರೊಟ್ಟಿ ಬಡಿಯಲು ಕೂತಿದ್ದಳು. ‘ಹಾಸ್ಟೆಲ್ ಹುಡುಗೂರು ರೀ, ಪಾಪ, ಮನೀ ಊಟಾ ಕಂಡು ಎಷ್ಟ ದಿನಾ ಆಗೇತೋ ಏನೋ’ ಎಂಬ ಕರುಣೆ. ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಕೆನೆಮೊಸರು, ಹಸಿ ಈರುಳ್ಳಿ. ತಟ್ಟೆ ಇಟ್ಟದ್ದೇ ಪ್ರಚಾರ ಮಂತ್ರಿ ‘ಯಾರೂ ಮುಟ್ಟಬೇಡಿ’ ಎಂದು ಆಜ್ಞೆ ಮಾಡಿದ. ನಮ್ಮಲ್ಲಿ ಹಾಗೆ ಹೇಳುವುದು ನೈವೇದ್ಯಕ್ಕೆ ಮಾತ್ರ. ಮೇಲಿಂದ ಒಂದು ಫೋಟೊ, ಪಕ್ಕದಿಂದ ಒಂದು, ಕಿಟಕಿಯ ಬೆಳಕಿನಲ್ಲಿ ಒಂದು. ಹೆಂಡತಿಯನ್ನು ಇನ್ನೊಮ್ಮೆ ಒಲೆಯ ಮುಂದೆ ಕೂರಿಸಿ, ಬಡಿದು ಮುಗಿಸಿದ ರೊಟ್ಟಿಯನ್ನೇ ಮತ್ತೆ ಬಡಿಸಿದರು. ಅಷ್ಟರಲ್ಲಿ ಬಿಸಿ ರೊಟ್ಟಿ ಕಡಕ್ ರೊಟ್ಟಿಯಾಗಿತ್ತು. ಒಂದು ತುಂಡು ಮುರಿದು, ‘ಆಂಟಿ, ಆಥೆಂಟಿಕ್!’ ಎಂದರು. ಅದು ಹೊಗಳಿಕೆಯೋ ದೂರೋ ತಿಳಿಯದೆ ಅವಳು ನನ್ನ ಮುಖ ನೋಡಿದಳು. ಒಂದು ಗಂಟೆಯ ನಂತರ ಐವರೂ ಗೋಬಿ ಮಂಚೂರಿ ಎಲ್ಲಿ ಚೆನ್ನಾಗಿ ಸಿಗುತ್ತದೆಂದು ವಿಚಾರಿಸತೊಡಗಿದಾಗ ತಿಳಿಯಿತು.

ಮಧ್ಯಾಹ್ನ ಇಬ್ರಾಹಿಂ ರೋಜಾಕ್ಕೆ ಹೋದೆವು. ‘ಹೋದೆವು’ ಎಂದೆ, ಯಾಕೆಂದರೆ ಅಷ್ಟರಲ್ಲಿ ನನಗೂ ಒಂದು ಖಾತೆ ಸಿಕ್ಕಿತ್ತು: ಸಾರಿಗೆ. ಪ್ರಚಾರ ಮಂತ್ರಿ ಕ್ಯಾಮೆರಾ ತಿರುಗಿಸುತ್ತ, ‘ಇದು ದಕ್ಷಿಣದ ತಾಜ್‌ಮಹಲ್ ಗಾಯ್ಸ್’ ಎಂದ. ಇಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹ ತೀರಿಕೊಂಡದ್ದು 1627ರಲ್ಲಿ, ಆಗ್ರಾದಲ್ಲಿ ತಾಜ್‌ಮಹಲಿನ ಕೆಲಸ ಶುರುವಾದದ್ದು 1632ರ ಸುಮಾರಿಗೆ. ಅಜ್ಜನನ್ನು ಮೊಮ್ಮಗನ ಹೆಸರು ಹಿಡಿದು ಕರೆದಂತಾಯಿತಲ್ಲೋ ಎಂದೆ. ‘ಸರ್ಚ್ ಮಾಡೋರು ತಾಜ್ ಅಂತಾನೇ ಸರ್ಚ್ ಮಾಡೋದು ಅಂಕಲ್’ ಎಂದ. ಇತಿಹಾಸಕ್ಕೆ ಈಗ ಹುಡುಕುವ ಪೆಟ್ಟಿಗೆಯೇ ತೀರ್ಪುಗಾರ.

ಈ ಇಬ್ರಾಹಿಂನದು ವಿಚಿತ್ರ ಮನಸ್ಸು. ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಗೀತಗಳ ಪುಸ್ತಕ ಬರೆದ, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ, ಜನ ಅವನನ್ನು ಜಗದ್ಗುರು ಬಾದಶಹ ಎಂದು ಕರೆದರು. ತಂಬೂರಿಯ ಮೇಲೆ ಎಷ್ಟು ಪ್ರೀತಿಯೆಂದರೆ ಅದಕ್ಕೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಇದನ್ನೆಲ್ಲ ಭಾವುಕನಾಗಿ ವಿವರಿಸಿದೆ. ಹುಡುಗರು ತಲೆದೂಗಿದರು. ಸಂತೋಷವಾಯಿತು. ಆಮೇಲೆ ನೋಡಿದರೆ ನಾಲ್ವರ ಕಿವಿಯಲ್ಲೂ ಬಿಳಿ ಗುಂಡಿಗಳಿದ್ದವು, ತಲೆದೂಗಿದ್ದು ಬೇರೆ ಯಾವುದೋ ತಾಳಕ್ಕೆ. ಇಬ್ರಾಹಿಂಗೆ ಮೋತಿಖಾನ್ ಹೇಗೋ ಇವರಿಗೆ ಪವರ್ ಬ್ಯಾಂಕ್ ಹಾಗೆ. ಅದು ಸಂಜೆ ನಾಲ್ಕಕ್ಕೆ ಸತ್ತಾಗ ಆದ ದುಃಖ ಯಾವ ಸುಲ್ತಾನನಿಗೂ ಕಡಿಮೆಯದಲ್ಲ.

ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಹಣಕಾಸು ಮಂತ್ರಿ ಮೊದಲ ಸಲ ಬಾಯಿಬಿಟ್ಟ. ಅಹಮದನಗರದಲ್ಲಿ 1549ರಲ್ಲಿ ಎರಕ ಹೊಯ್ದ, 55 ಟನ್ ತೂಗುವ, ಆನೆಯನ್ನು ನುಂಗುವ ಸಿಂಹದ ಬಾಯಿ ಕೆತ್ತಿದ ತೋಪು. ಬ್ರಿಟಿಷರ ಕಾಲದಲ್ಲಿ 1854ರಲ್ಲಿ ಹರಾಜಿಗಿಟ್ಟರೆ ಕೂಗಿದ ಬೆಲೆ 150 ರೂಪಾಯಿ. ಕೊನೆಗೆ ಮಾರಾಟ ಕೈಬಿಟ್ಟರು. ‘ನೂರೈವತ್ತಾ? ಛೇ, ಅವತ್ತು ನಾವಿರಬೇಕಿತ್ತು’ ಎಂದು ಅವನು ಕೈ ಹಿಸುಕಿಕೊಂಡ. ಅರ್ಧ ಗಂಟೆಯ ಹಿಂದೆ ಇದೇ ಮನುಷ್ಯ ಒಂದು ಕೋಲ್ಡ್ ಕಾಫಿಗೆ 180 ಕೊಟ್ಟಿದ್ದ. ತೋಪಿಗಿಂತ ಮೂವತ್ತು ಜಾಸ್ತಿ, ಅದೂ ಅರ್ಧ ಲೋಟ ಐಸು. ಆದರೆ ಕೋಟೆಯಿಂದ ಮನೆಗೆ ಬರಲು ಟಾಂಗಾದ ಮುದುಕನ ಹತ್ತಿರ ಇಪ್ಪತ್ತು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡಿದ. ಕುದುರೆ ನಡುವೆ ಎರಡು ಸಲ ತಿರುಗಿ ನೋಡಿತು.

ಐವರೂ ಮನಃಪೂರ್ವಕ ಗೌರವಿಸಿದ ಸ್ಮಾರಕ ಒಂದೇ, ಬಾರಾ ಕಮಾನ್. ಎರಡನೇ ಅಲಿ ಆದಿಲ್‌ಶಾಹ ತನಗಾಗಿ ಕಟ್ಟಿಸಲು ಹೊರಟ ಭಾರಿ ಗೋರಿ. 1672ರಲ್ಲಿ ಅವನು ತೀರಿಕೊಂಡ, ಕಟ್ಟಡ ಅಲ್ಲಿಗೇ ನಿಂತಿತು. ಮಾಡಿಲ್ಲದ ಬರಿಯ ಕಮಾನುಗಳ ಕೆಳಗೆ ನಿಂತು ಹುಡುಗರು ಮೌನವಾದರು. ‘ಪ್ರಾಜೆಕ್ಟ್ ಸಬ್ಮಿಟ್ ಮಾಡಿಲ್ಲ ಪಾಪ’ ಎಂದು ಒಬ್ಬ ನಿಟ್ಟುಸಿರಿಟ್ಟ. ‘ಆದ್ರೂ ನೋಡು, ಮುನ್ನೂರೈವತ್ತು ವರ್ಷದಿಂದ ಟಿಕೆಟ್ ಇಲ್ದೇ ಜನ ಬಂದು ನೋಡ್ತಿದ್ದಾರೆ’ ಎಂದ ಇನ್ನೊಬ್ಬ. ಮೂರು ಬ್ಯಾಕ್‌ಲಾಗ್ ಇರುವವನು ಕಲ್ಲನ್ನು ಸವರಿ ಕೈಯನ್ನು ಕಣ್ಣಿಗೊತ್ತಿಕೊಂಡ.

ಭಾನುವಾರ ಸಂಪುಟ ಹನ್ನೊಂದಕ್ಕೆ ಎದ್ದಿತು. ತಾಜ್ ಬಾವಡಿಗೆ ಕರೆದೊಯ್ದೆ. 1620ರಲ್ಲಿ, ಇದೇ ಇಬ್ರಾಹಿಂನ ಕಾಲದಲ್ಲಿ, ಊರಿನ ದಾಹ ತಣಿಸಲು ಕಟ್ಟಿದ ಕೆರೆಯಷ್ಟಗಲದ ಬಾವಿ. ಮಳೆ ಕಡಿಮೆಯ ಈ ನೆಲದಲ್ಲಿ ಸುಲ್ತಾನರು ನೆಲದೊಳಗೆ ಸುರಂಗ ತೋಡಿ ತೊರವಿಯ ಕಡೆಯಿಂದ ನೀರು ಹರಿಸಿದ್ದರು. ಇದನ್ನು ಹೇಳುತ್ತಿದ್ದಾಗ ಐವರೂ ಬಾಟಲಿ ನೀರು ಕುಡಿಯುತ್ತಿದ್ದರು. ಕುಡಿದು ಮುಗಿದ ಬಾಟಲಿ ಎಲ್ಲಿ ಹಾಕಲಿ ಎಂದು ಒಬ್ಬ ಸುತ್ತ ನೋಡಿದ. ನಾನು ಗದರಿಸಲು ಬಾಯಿ ತೆರೆಯುವಷ್ಟರಲ್ಲಿ ನಮ್ಮೂರಿನವರೇ ಒಬ್ಬರು ಸ್ಕೂಟರ್ ನಿಲ್ಲಿಸಿ, ಮನೆಯಿಂದ ತಂದ ಪೂಜೆಯ ಹೂವಿನ ಗಂಟನ್ನು ಪ್ಲಾಸ್ಟಿಕ್ ಚೀಲದ ಸಮೇತ ಭಕ್ತಿಯಿಂದ ನೀರಿಗೆ ಬಿಟ್ಟು, ನನಗೆ ನಮಸ್ಕಾರ ಹೇಳಿ ಹೋದರು. ತೆರೆದ ಬಾಯಿ ಮುಚ್ಚಿಕೊಂಡೆ. ಹುಡುಗ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡ. ಆ ಮೂರು ದಿನದಲ್ಲಿ ಊರಿನ ಪರವಾಗಿ ನಾನು ಮಾಡಬೇಕಿದ್ದ ಭಾಷಣಗಳಲ್ಲಿ ಇದೊಂದು ರದ್ದಾಯಿತು.

ಸಂಜೆ ಗೋಳಗುಮ್ಮಟ. ಏಳು ಅಂತಸ್ತಿನ ಮೂಲೆಗೋಪುರದ ಕಿರಿದಾದ ಮೆಟ್ಟಿಲುಗಳಲ್ಲಿ ಶಾಲಾ ಪ್ರವಾಸದ ಮಕ್ಕಳು, ಮೇಷ್ಟ್ರುಗಳು, ನವದಂಪತಿಗಳು, ಎಲ್ಲರ ಬೆವರಿನ ಜೊತೆಗೆ ನಾವೂ ಏರಿದೆವು. ಗುಮ್ಮಟದ ಬುಡದಲ್ಲಿ ಸುತ್ತಲೂ ಇರುವ ಮೊಗಸಾಲೆಗೆ ಪಿಸುಗುಟ್ಟುವ ಗ್ಯಾಲರಿ ಎಂದು ಹೆಸರು. ಈ ಬದಿಯ ಗೋಡೆಗೆ ಬಾಯಿಟ್ಟು ಪಿಸುನುಡಿದರೆ, ಸುಮಾರು 38 ಮೀಟರ್ ಆಚೆಯ ಗೋಡೆಗೆ ಕಿವಿಯಿಟ್ಟವನಿಗೆ ಕೇಳುತ್ತದೆ. ಕಾಗದ ಹರಿದ ಸದ್ದೂ ಕೇಳುತ್ತದೆ. ಮುಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲಿನ ಈ ಅದ್ಭುತ ಪಿಸುಮಾತಿನದು. ಅಲ್ಲಿ ಪಿಸುಮಾತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತಿತ್ತು. ಸಿಳ್ಳೆ, ಚಪ್ಪಾಳೆ, ‘ಓಯ್’, ಯಾರದೋ ಹುಡುಗಿಯ ಹೆಸರು. ನಮ್ಮ ಸಂಪುಟ ಕಟಕಟೆಗೆ ಒರಗಿ ನಿಂತು ಒಕ್ಕೊರಲಿನಿಂದ ಕೂಗಿತು: ‘ಈ ಸಲ ಕಪ್ ನಮ್ದೇ!’ ಹದಿನೆಂಟು ವರ್ಷ ಕಾದು 2025ರಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡಕ್ಕೆ ಕಪ್ ಬಂದೂ ಆಗಿತ್ತು. ಅಭ್ಯಾಸ ಬಿಟ್ಟಿರಲಿಲ್ಲ. ಗುಮ್ಮಟ ಅದನ್ನು ಏಳು ಸಲ ಒಪ್ಪಿಕೊಂಡಿತು.

ಐವರಿಗೂ ಪರಮಾನಂದ. ಬೆಂಗಳೂರಿನಿಂದ ಐನೂರು ಕಿಲೋಮೀಟರ್ ದಾಟಿ ಬಂದು, ಹೊಸ ಊರಿನ ಅತಿ ಎತ್ತರದ ಜಾಗಕ್ಕೆ ಏರಿ ನಿಂತು, ಅವರು ಕೇಳಿಸಿಕೊಂಡದ್ದು ತಮ್ಮದೇ ದನಿ. ಅದನ್ನೇ ರೆಕಾರ್ಡ್ ಮಾಡಿ, ಅದಕ್ಕೊಂದು ಸಿನಿಮಾ ಹಾಡು ಹೊಂದಿಸಿ, ‘ಬಿಜಾಪುರ ಡಯರೀಸ್’ ಎಂದು ಹಾಕಿದರು. ಅದರಲ್ಲಿ ಬಿಜಾಪುರ ಎರಡು ಸೆಕೆಂಡ್ ಇತ್ತು.

ಖಾತೆರಹಿತ ಮಂತ್ರಿ ಮಾತ್ರ ಕೂಗಲಿಲ್ಲ. ಮೇಲೆ ನೋಡುತ್ತ ನಿಂತಿದ್ದ. ‘ಅಂಕಲ್, ಕೆಳಗೆ ಹಾಲ್ ಚೌಕ, ಮೇಲೆ ಗುಮ್ಮಟ ದುಂಡು, ನಡುವೆ ಒಂದೂ ಕಂಬ ಇಲ್ಲ. ಭಾರ ಎಲ್ಲಿಗೆ ಹೋಗುತ್ತೆ?’ ಇಬ್ಬರು ಮಂತ್ರಿಗಳು ಸಿವಿಲ್ ಎಂಜಿನಿಯರಿಂಗ್ ಓದುವವರು. ಅವರು ಆಗ ಫಿಲ್ಟರ್ ಆರಿಸುತ್ತಿದ್ದರು. ನಾನೋ, ಈ ಗುಮ್ಮಟದ ನೆರಳಲ್ಲಿ ಐವತ್ತು ವರ್ಷ ಕಳೆದವನು, ‘ಹಳೇ ಕಾಲದ ಗಾರೆ, ಭಾಳ ಗಟ್ಟಿ’ ಎಂದೆ. ಪಕ್ಕದಲ್ಲಿದ್ದ ಕಾವಲುಗಾರನಿಗೆ ನಗು ಬಂತು. ಜೇಬಿನಿಂದ ಕರವಸ್ತ್ರ ತೆಗೆದು ನೆಲದ ಮೇಲೆ ಹಾಸಿದ, ನನ್ನದನ್ನೂ ಇಸಿದುಕೊಂಡು ಅದರ ಮೇಲೆ ಓರೆಯಾಗಿ ಇಟ್ಟ. ಎಂಟು ಮೂಲೆಯ ನಕ್ಷತ್ರ ಮೂಡಿತು. ‘ಎರಡು ಚೌಕ ಹಿಂಗ ಒಂದರೊಳಗೊಂದು ತಿರುವಿದಂಗ ಕಮಾನು ಎತ್ಯಾರ ನೋಡ್ರೀ. ನಡುವ ಉಳೀತಲ್ಲ ಈ ದುಂಡು, ಅದರ ಮ್ಯಾಲ ಗುಮ್ಮಟ ಕುಂತೈತಿ. ಭಾರೆಲ್ಲಾ ಕಮಾನಿನ ಗುಂಟ ಗೋಡಿಗೆ ಇಳೀತೈತಿ.’

ಹುಡುಗ ಎರಡು ಕರವಸ್ತ್ರಗಳನ್ನು ನೋಡಿದ, ಮೇಲೆ ನೋಡಿದ, ಆಮೇಲೆ ನನ್ನ ಕಡೆ ತಿರುಗಿದ. ‘ನೀವು ಇಲ್ಲಿಗೆ ಹಿಂದೆ ಯಾವಾಗ ಬಂದಿದ್ರಿ ಅಂಕಲ್?’

ಲೆಕ್ಕ ಹಾಕಿದೆ. ಹನ್ನೊಂದು ವರ್ಷ. ಆಗಲೂ ನೆಂಟರನ್ನು ಕರೆದುಕೊಂಡು. ಗೋಳಗುಮ್ಮಟ ನಮ್ಮ ಮಾಳಿಗೆಯಿಂದ ದಿನಾ ಕಾಣುತ್ತದೆ. ಅದರ ಹಿಂದೆ ಮೋಡ ಕಟ್ಟಿದರೆ ಒಣಗಿದ ಬಟ್ಟೆ ತೆಗೆಯಬೇಕೆಂದು ಅರ್ಥ. ಮಂತ್ರಿಗಳಾದರೂ ಎರಡು ಸೆಕೆಂಡ್ ತೋರಿಸಿದರು, ನಾನು ಅದನ್ನು ಹವಾಮಾನ ಇಲಾಖೆ ಮಾಡಿಕೊಂಡಿದ್ದೆ.

ಸೋಮವಾರ ನಸುಕಿನಲ್ಲಿ ಯಾರೋ ನನ್ನ ಕಾಲು ಮುಟ್ಟಿ ಎಬ್ಬಿಸಿದರು. ಖಾತೆರಹಿತ. ‘ಅಂಕಲ್, ಜನ ಬರೋಕೆ ಮುಂಚೆ ಒಂದ್ಸಲ ಹೋಗೋಣ್ವಾ?’ ಮಿಕ್ಕ ನಾಲ್ವರು ಗಣರಾಜ್ಯಕ್ಕೆ ಗೌರವ ಸೂಚಿಸಿ ನಿಶ್ಚಲವಾಗಿ ಮಲಗಿದ್ದರು. ಬಾಗಿಲು ತೆರೆಯುತ್ತಲೇ ಒಳಗೆ ಹೋದೆವು. ಮೆಟ್ಟಿಲ ಮೇಲೆ ನಮ್ಮಿಬ್ಬರದೇ ಹೆಜ್ಜೆ. ಮೇಲೆ ಪಾರಿವಾಳದ ರೆಕ್ಕೆಯ ಸದ್ದು ಒಂದು ಸುತ್ತು ಹೊಡೆದು ಬಂದು ಮತ್ತೆ ಕಿವಿಗೆ ಬಿತ್ತು. ಅವನು ನಡೆದು ಎದುರು ಬದಿಗೆ ಹೋಗಿ, ಗೋಡೆಗೆ ಮುಖಮಾಡಿ ನಿಂತ. ನಾನು ಈ ಬದಿ ಗೋಡೆಗೆ ಕಿವಿಯಿಟ್ಟೆ. ಮನಸ್ಸು ಯಾಕೋ ಆರ್ದ್ರವಾಗಿತ್ತು. ಹೊಸ ತಲೆಮಾರು ಹಳೆಯ ಕಲ್ಲಿನ ಮೂಲಕ ನನಗೆ ಏನೋ ಹೇಳಲಿದೆ ಎಂದು ಕಣ್ಣು ಮುಚ್ಚಿದೆ.

ಮುನ್ನೂರೆಪ್ಪತ್ತು ವರ್ಷದ ಗೋಡೆ ಪ್ರತಿ ಅಕ್ಷರವನ್ನೂ ತೊಳೆದಿಟ್ಟಂತೆ ತಂದು ಕಿವಿಗೆ ಹಾಕಿತು: ‘ಅಂಕಲ್, ಆ್ಯಪ್‌ನಲ್ಲಿ ನನ್ನ ಪಾಲು ಸಾವಿರದ ಇನ್ನೂರು ತೋರಿಸ್ತಿದೆ. ನಾನು ಕಾಫಿ ಕುಡಿದೇ ಇಲ್ಲ. ಒಂದು ಸಾವಿರ ಇದ್ರೆ ಕೊಡಿ, ಮುಂದಿನ ತಿಂಗಳು ವಾಪಸ್ ಮಾಡ್ತೀನಿ.’

ಕೇಳಿಸಲಿಲ್ಲ ಎನ್ನುವಂತಿಲ್ಲ, ಗೋಡೆಯೇ ಸಾಕ್ಷಿ. ನಾನೂ ಬಾಯಿಟ್ಟು ಪಿಸುಗುಟ್ಟಿದೆ: ‘ಇವತ್ತು ಬ್ಯಾಂಕಿಗೆ ರಜೆ ತಮ್ಮಾ. ಮೂರು ದಿನದಿಂದ.’

ಒಂದು ಕ್ಷಣ ಮೌನ. ಆಮೇಲೆ ಆ ಬದಿಯಿಂದ, ಅಷ್ಟೇ ಸ್ಪಷ್ಟವಾಗಿ: ‘ಫೋನ್‌ಪೇ ಮಾಡಿ ಅಂಕಲ್.’

ಮಾಡಿದೆ. ಮೂರು ದಿನದಲ್ಲಿ ಈ ಊರಿನ ಹತ್ತಿರ ಒಂದು ಪ್ರಶ್ನೆ ಕೇಳಿದವನು ಅವನೊಬ್ಬನೇ. ಆ ಪ್ರಶ್ನೆಗೆ ಒಂದು ಸಾವಿರ ಹೆಚ್ಚಲ್ಲ. ಅಲ್ಲದೆ ಬರುವಾಗ ಅವನು ಒಂದು ಕೆಲಸ ಮಾಡಿದ. ಅದೇ ಟಾಂಗಾದ ಮುದುಕ ನಿಂತಿದ್ದ, ಅವನಿಗೆ ಶನಿವಾರ ಕಡಿಸಿದ ಇಪ್ಪತ್ತು ರೂಪಾಯಿ ಕೊಟ್ಟ. ನನ್ನ ದುಡ್ಡಿನಲ್ಲೇ ಎಂಬುದು ಬೇರೆ ಮಾತು.

ಸಂಜೆ ಸಂಪುಟ ರಾಜೀನಾಮೆ ಕೊಟ್ಟು ರೈಲು ಹತ್ತಿತು. ಹೊರಡುವಾಗ ಹಣಕಾಸು ಮಂತ್ರಿ ಹೆಮ್ಮೆಯಿಂದ ಲೆಕ್ಕ ತೋರಿಸಿದ: ‘ಅಂಕಲ್ ಮನೆ, ವಸತಿ, ಊಟ: 0’. ನನ್ನ ಹೆಂಡತಿ ದಾರಿಗೆ ಕಟ್ಟಿಕೊಟ್ಟ ನಲವತ್ತು ಕಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಹಿಂಡಿ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಓದುಗರಿಗೆ ಎರಡು ಮಾತು. ಹೊಸ ಊರಿಗೆ ಹೋಗುವವರು ಅಲ್ಲಿಯ ಒಂದೇ ಜಾಗಕ್ಕೆ ಹೋಗಿ, ಆದರೆ ಬೆಳಗಾಗುವಾಗ ಹೋಗಿ, ಬಾಯಿ ಮುಚ್ಚಿಕೊಂಡು ಹೋಗಿ. ಅದೇ ಊರಿನಲ್ಲಿ ಇರುವವರು ಕೂಡ ನೆಂಟರಿಗಾಗಿ ಕಾಯದೆ ಒಮ್ಮೆ ಹೋಗಿ ಬನ್ನಿ.

ಇನ್ನು ನನ್ನ ಅಳಿಯನಿಗೆ ಒಂದು ಮಾತು. 2026ರ ಅಕ್ಟೋಬರ್ 2 ಶುಕ್ರವಾರ ಬರುತ್ತದೆ ಎಂದು ನಾನೂ ನೋಡಿದ್ದೇನೆ. ಆ ಮೂರು ದಿನ ನಮ್ಮ ಮನೆಗೆ ಬೀಗ ಹಾಕಿರುತ್ತದೆ. ನಾನೂ ನಿನ್ನ ಅತ್ತೆಯೂ ಬೆಂಗಳೂರು ಎಕ್ಸ್‌ಪ್ಲೋರ್ ಮಾಡಲು ಬರುತ್ತಿದ್ದೇವೆ. ತೊಂದರೆ ಏನಿಲ್ಲ, ಬ್ಯಾಗ್ ಇಡಲು ಸ್ವಲ್ಪ ಜಾಗ ಸಾಕು.